ಛತ್ರಿಯ ಕೆಳಗಿನ ಮನುಷ್ಯ

26 ಸೆಪ್ಟೆಂಬರ್ 2025, ಶುಕ್ರವಾರ. ಮಧ್ಯಾಹ್ನ

ವಾಕಿಂಗ್ ಇಲ್ಲ, ಮೊಣಕಾಲು ನೋವು. ಬಸದಿಗೆ ಹೋಗಿಬಂದು ಟಿವಿ ಮುಂದೆ ಕುಳಿತವನು ಏಳಲೇ ಇಲ್ಲ. ಮಿಗ್-21 ಯುದ್ಧವಿಮಾನಕ್ಕೆ ಇವತ್ತು ಬೀಳ್ಕೊಡುಗೆ. ಕೊನೆಯ ಹಾರಾಟ. ಆ್ಯಂಕರ್ ಹುಡುಗಿ ಒಂದೇ ಸಮನೆ ‘ಹಾರುವ ಶವಪೆಟ್ಟಿಗೆ’ ಅನ್ನುತ್ತಾಳೆ. ಶವಪೆಟ್ಟಿಗೆಯಂತೆ! ನಮ್ಮ ಹುಡುಗರು ಅದರಲ್ಲೇ ಹೋಗಿ ಅದರಲ್ಲೇ ಬಂದರಲ್ಲ ತಾಯಿ. ಬಾರದವರೂ ಇದ್ದರು, ಇಲ್ಲ ಅನ್ನುವುದಿಲ್ಲ.

ಕಾಂತಾ ಚಹಾ ಕೊಟ್ಟಳು. ಬಸಿಯಲ್ಲಿ ಕಪ್ಪು ಗಡಗಡ ಅಂದಿತು. ನನ್ನ ಕೈ. ಅವಳು ನೋಡಿದಳು, ನಾನು ಟಿವಿ ನೋಡಿದೆ.

“ಅಳಾಕತ್ತೀರೇನ್ರಿ?”

“ಕಣ್ಣಾಗ ಧೂಳು ಬಿತ್ತು.”

“ಟಿವಿಯಿಂದ ಹಾರಿ ಬಂತೇನು ಧೂಳು?”

ನಲವತ್ತು ವರ್ಷದ ಸಂಸಾರ. ಇವಳ ಬಾಯಿಗೆ ಇನ್ನೂ ಬೀಗ ಬಿದ್ದಿಲ್ಲ.

ನಾನು ವಿಮಾನ ಹಾರಿಸಿದವನಲ್ಲ, ರಿಪೇರಿ ಮಾಡಿದವನೂ ಅಲ್ಲ. ಪೈಲಟ್‌ಗಳ ಪ್ಯಾರಾಶೂಟ್ ಮಡಚುವುದು, ಏರ್‌ಫೋರ್ಸ್ ಸರ್ವಿಸ್ ಪೂರ್ತಿ ಅದೊಂದೇ. ಭರ್ತಿಯಾಗುವಾಗ ಅವ್ವ ಹೇಳಿದ್ದಳು, “ಒಂದ್ ಜೀವಾ ತಗಿಯೂ ಕೆಲಸಾ ಮಾಡಬ್ಯಾಡ ಮಗಾ.” ಯಾವ ಪುಣ್ಯವೋ, ಈ ಟ್ರೇಡ್ ಸಿಕ್ಕಿತು. ಬಾಂಬ್ ಕಟ್ಟುವವರು ನನ್ನನ್ನು ‘ಮುನಿ ಮಹಾರಾಜ್’ ಎಂದು ಕಾಡುತ್ತಿದ್ದರು. ನೀವು ಕಳಿಸುವವರು, ನಾನು ಕರೆತರುವವನು ಅನ್ನುತ್ತಿದ್ದೆ. ಸೊಕ್ಕು ಕಡಿಮೆ ಇರಲಿಲ್ಲ.

ಆ ಪಂಜಾಬಿ ಫ್ಲೈಟ್ ಲೆಫ್ಟಿನೆಂಟ್ ನೆನಪಾದ. ಇಂಜಿನ್ ನಿಂತು ವಿಮಾನದಿಂದ ಹೊರಗೆ ಜಿಗಿದಿದ್ದ, ನಾನು ಮಡಚಿದ ಛತ್ರಿ ತೆರೆದಿತ್ತು. ಮಡಚಿದವನಿಗೆ ಬಾಟಲಿ ಕೊಡುವುದು ನಮ್ಮಲ್ಲಿ ರೂಢಿ. ರಮ್ ಹಿಡಿದು ಬಂದ. ಸರ್, ನಾವು ಜೈನರು ಅಂದೆ. ಮರುದಿನ ಪೇಢೆ ತಂದ. ಗೋಧಿ ಹೊಲದಲ್ಲಿ ಬಿದ್ದನಂತೆ. ಒಬ್ಬ ಮುದುಕಿ ಓಡಿ ಬಂದು, ಯಾರು ಏನು ಕೇಳದೆ, ಮೊದಲು ಲಸ್ಸಿ ಕುಡಿಸಿದಳಂತೆ. ಅದನ್ನೇ ಹೇಳಿ ಹೇಳಿ ಅಳುತ್ತಿದ್ದ.

5 ಅಕ್ಟೋಬರ್, ಭಾನುವಾರ

ಸುಯೋಗ ಬಂದಿದ್ದ. ಅಣ್ಣನ ಮಗ. ಇಲ್ಲೇ ಬೆಳಗಾವಿಯ ಉದ್ಯಮಬಾಗದಲ್ಲಿ ಶೆಡ್ ಹಾಕಿ ಡ್ರೋನ್ ಮಾಡುತ್ತಾನೆ. ಮದುವೆ ಮನೆಯ ಫೋಟೋ ತೆಗೆಯುವ ಜಾತಿಯದಲ್ಲ, ರೆಕ್ಕೆ ನಮ್ಮ ಹಾಲ್‌ನಷ್ಟು ಉದ್ದ.

“ಕಾಕಾ, ಒಂದ್ ಕೆಲಸ ಇತ್ತರಿ. ಇದಕ್ಕ ಗಾಲಿ ಇಲ್ಲ, ಪ್ಯಾರಾಶೂಟ್ ಮ್ಯಾಲ ಇಳೀಬೇಕು. ಎರಡ್ ಸಲ ಸಿಕ್ಕ ಹಾಕ್ಕೊಂಡು ಬಿತ್ತು. ನೀವು ಮಡಚಿ ಕೊಡ್ರೆಲಾ.”

“ಒಳಗ ಯಾರ್ ಇರ್ತಾರ?”

“ಯಾರೂ ಇಲ್ರಿ. ಕ್ಯಾಮೆರಾ ಇರತೈತಿ.”

“ಕ್ಯಾಮೆರಾಕ್ಕ ಪ್ಯಾರಾಶೂಟ್! ನಾಳೆ ನಿಮ್ಮ ಕಾಕೂನ ಮಿಕ್ಸರಿಗೂ ಮಡಚ್ರಿ ಅಂತೀ.”

ಕಾಂತಾ ನಕ್ಕಳು. ಹುಡುಗನ ಮುಖ ಬಾಡಿತು. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಅಂದ, “ಬರೇ ನೋಡಾಕ ಐತ್ರಿ ಕಾಕಾ, ಗಡಿ ಮ್ಯಾಲ. ಇದು ಹೋದರ ಒಬ್ಬ ಪೈಲಟ್ ಹೋಗೂದು ತಪ್ಪತೈತಿ. ಇದು ಬಿದ್ದರ ಯಾರ ಮನ್ಯಾಗೂ ಅಳೂದಿಲ್ಲ.”

ಮಾತು ನಾಟಿತು. ನಾಟಿತೆಂದು ತೋರಿಸಲಿಲ್ಲ.

14 ಅಕ್ಟೋಬರ್

ಹೋದೆ. ಶೆಡ್ಡಿನ ಬಾಗಿಲಲ್ಲಿ ‘ಹಂಗ ಸುಮ್ಮನ ಬಂದೆ’ ಅಂದೆ. ಸುಯೋಗನೂ ‘ಹೌದ್ರಿ ಹೌದ್ರಿ’ ಅಂದ. ಜಾಣ.

ಉದ್ದನೆಯ ಟೇಬಲ್ಲು, ಕಿತ್ತಳೆ ಬಣ್ಣದ ಬಟ್ಟೆ, ಹಗ್ಗಗಳು. ಮುಟ್ಟಿದ ಕೂಡಲೇ ಮೂಗಿಗೆ ಹಳೇ ವಾಸನೆ. ಕೈ ನಡುಗುತ್ತದೆ ಎಂದು ಹುಡುಗನಿಗೆ ಹೇಳಿಲ್ಲ. ಡಾಕ್ಟರು ವಯಸ್ಸು ಅಂದಿದ್ದಾರೆ. ಬಟ್ಟೆ ಹಿಡಿದಾಗ ನಡುಕ ಕಡಿಮೆಯಾಯಿತು… ಪೂರ್ತಿ ಹೋಗಲಿಲ್ಲ. ಮಡಚಿದೆ, ಬಿಚ್ಚಿದೆ, ಮಡಚಿದೆ. ಮನೆಗೆ ಬಂದಾಗ ಸೂರ್ಯ ಮುಳುಗಲು ಬಂದಿದ್ದ. ಗಬಗಬ ಉಂಡೆ. ಜೈನರ ನೇಮ, ಕತ್ತಲಾದ ಮೇಲೆ ಈ ಮನೆಯಲ್ಲಿ ಅನ್ನ ಇಲ್ಲ, ಗಂಡನಿಗೂ ಇಲ್ಲ.

9 ನವೆಂಬರ್, ಭಾನುವಾರ

ಬರುವ ಭಾನುವಾರದ ಡ್ರೋನ್ ಟ್ರಯಲ್‌ನ ಛತ್ರಿ ಇವತ್ತು ಕಟ್ಟಿದೆ. ಹಳೇ ಚಟ ಒಂದಿದೆ. ಕೊನೆಯ ಗಂಟು ಹಾಕುವಾಗ ಹೋಗುವವನ ಮುಖ ನೆನೆಯಬೇಕು. ಇಲ್ಲಿ ಯಾರನ್ನು ನೆನೆಯಲಿ? ಕ್ಯಾಮೆರಾವನ್ನೇ? ಕೊನೆಗೆ ಆ ಪಂಜಾಬಿಯನ್ನೇ ನೆನೆದು ಕಟ್ಟಿದೆ.

16 ನವೆಂಬರ್, ಭಾನುವಾರ. ರಾತ್ರಿ

ಕಣಕುಂಬಿ ಈಚೆಯ ಬೋಳು ಗುಡ್ಡ. ಮಧ್ಯಾಹ್ನದ ತನಕ ಮಂಜು, ಬಿಡಲೇ ಇಲ್ಲ. ಆಮೇಲೆ ಹಾರಿಸಿದರು. ಚೆನ್ನಾಗಿಯೇ ಏರಿತು. ಸುಯೋಗ ಕುರ್ಚಿಯಲ್ಲಿ ಕೂತು ಸ್ಕ್ರೀನ್ ನೋಡಿಕೊಂಡು ಹಾರಿಸುತ್ತಾನೆ, ಪಕ್ಕದಲ್ಲಿ ಕುರುಕುರೆ ಪ್ಯಾಕೆಟ್ಟು. ಯುದ್ಧ ಇಷ್ಟು ಬದಲಾಯಿತು ಅಂದುಕೊಂಡೆ. ನಮ್ಮ ಹುಡುಗರು ಹೋಗುವ ಮುಂಚೆ ಒಂದು ಬಿಸ್ಕಿಟ್ ಸಹ ನುಂಗಲಾಗದೆ ಕೂತಿರುತ್ತಿದ್ದರು.

ನಾಲ್ಕರ ಸುಮಾರಿಗೆ ಸಿಗ್ನಲ್ ಹೋಯಿತು. ಸ್ಕ್ರೀನ್ ಕಪ್ಪು. ಶೆಡ್ಡಿನ ಹುಡುಗರು ಎದ್ದು ನಿಂತರು. ಸಿಗ್ನಲ್ ಹೋದರೆ ಇಂಜಿನ್ ನಿಂತು ಛತ್ರಿ ತಾನಾಗಿ ಬಿಚ್ಚಬೇಕು. ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದೆ.

ಬಿಚ್ಚಿತು! ದೂರದ ಗುಡ್ಡದ ಮೇಲೆ ಕಿತ್ತಳೆ ಬಣ್ಣ ಅರಳಿತು. ಒಂದು ಸುಕ್ಕಿಲ್ಲ, ಒಂದು ಹಗ್ಗ ಸಿಕ್ಕಾಗಿಲ್ಲ. ‘ಶಭಾಷ್ ಜಿನಪ್ಪಾ’ ಎಂದು ನನ್ನ ಹೆಸರನ್ನು ನಾನೇ ಕೂಗಿದೆ. ಗಾಳಿಗೆ ತೇಲುತ್ತ ಅಡವಿಯ ಆಚೆ ಇಳಿಯಿತು. ಹುಡುಕಲು ಹೋದೆವು, ದಾರಿ ಇಲ್ಲ, ಹೊತ್ತು ಮುಳುಗಿತು. ನಾಳೆ ನೋಡೋಣ ಎಂದು ಖಾನಾಪುರದ ಲಾಡ್ಜಿಗೆ ಬಂದೆವು. ಈ ಮುದಿ ಕೈಗೆ ಇನ್ನೂ ಕಸುವಿದೆ.

17 ನವೆಂಬರ್, ಸೋಮವಾರ. ಬೆಳಿಗ್ಗೆ

ಚಹಾ ಕುಡಿಯುವಾಗ ಸುಯೋಗನ ಫೋನು ರಿಂಗಾಯಿತು. ರೆಕ್ಕೆಯ ಮೇಲೆ ಅವನ ನಂಬರ್ ಬರೆದಿತ್ತು. ಸ್ಪೀಕರಿಗೆ ಹಾಕಿದ.

“ಸಾಹೇಬ್ರ, ನಾ ಕಲ್ಮೇಶ ರೀ, ಬಸ್ ಕಂಡಕ್ಟರ್. ನಿಮ್ದೊಂದು ಇಮಾನ ನಮ್ಮ ಮನಿ ಹಿಂದ ಗುಡ್ಡದಾಗ ಬಿದ್ದೈತಿ.”

ಹುಡುಗರು ಕುಣಿದರು.

“ಅದರಾಗ ಮನಶ್ಯಾ ಇದ್ದನೇನ್ರಿ, ಇಲ್ಲೇನ್ರಿ? ಮೊದಲ ಅಷ್ಟ ಹೇಳ್ರಿ.”

“ಇಲ್ಲೋ ಮಾರಾಯಾ, ಡ್ರೋನ್ ಅದು. ಯಾರೂ ಇರೂದಿಲ್ಲ,” ಅಂದ ಸುಯೋಗ.

ಆ ಕಡೆ ‘ಅವ್ವಾ, ಯಾರೂ ಇರಲಿಲ್ಲಂತ’ ಅಂದದ್ದು ಕೇಳಿತು.

“ನಮ್ಮಪ್ಪ ಅವನ್ನ ಹುಡಕಾಕ ಹೋಗ್ಯಾನ್ರಿ. ನಿನ್ನೆ ಸಂಜಿಗೆ. ಇನ್ನೂ ಬಂದಿಲ್ಲ.”

ಹೊರಟಿದ್ದೇವೆ.

ಅದೇ ದಿನ, ಸಂಜೆ

ಇನ್ನೂ ಸಿಕ್ಕಿಲ್ಲ. ಊರವರು, ಫಾರೆಸ್ಟಿನವರು, ಸುಯೋಗ, ಅವನ ಹುಡುಗರು ಎಲ್ಲ ಒಳಗೆ ಹೋಗಿದ್ದಾರೆ. ನನ್ನ ಮೊಣಕಾಲು ನೋಡಿ ಇಲ್ಲೇ ಬಿಟ್ಟರು. ಕಲ್ಮೇಶನ ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ. ಅಂಗಳದಲ್ಲಿ ಹುಡುಗರು ತಂದಿಟ್ಟ ಡ್ರೋನ್, ಅದರ ಮೇಲೆ ನನ್ನ ಛತ್ರಿ. ಹುಲ್ಲು ಸಹ ಅಂಟಿಲ್ಲ. ನೋಡಲಾರೆ.

ಕಾಡವ್ವ, ಕಲ್ಮೇಶನ ತಾಯಿ, ಎಲ್ಲ ಹೇಳಿದಳು. ಗಂಡ ರಾಯಪ್ಪ ದನ ಹೊಡೆದುಕೊಂಡು ಬರುವಾಗ ಆಕಾಶದಲ್ಲಿ ಛತ್ರಿ ಕಂಡಿದ್ದಾನೆ. ಓಡಿ ಹೋಗಿ ನೋಡಿದರೆ ವಿಮಾನ ಇದೆ, ಮನುಷ್ಯ ಇಲ್ಲ. ಹಗ್ಗ ಬಿಚ್ಚಿಕೊಂಡು ಎಲ್ಲೋ ಬಿದ್ದಿರಬೇಕು ಅಂದುಕೊಂಡ. ಮನೆಗೆ ಬಂದು ಕಂಬಳಿ, ನೀರಿನ ಬಾಟಲಿ, ಬ್ಯಾಟರಿ ಲೈಟು ತೆಗೆದುಕೊಂಡ.

“ಕರಡಿ ಅದಾವ, ಹೋಗಬ್ಯಾಡ ಅಂದೆರಿ. ಯಾರ ಮಗನೋ ಏನೋ, ಹಂಗ ಬಿಟ್ಟ ಮಕ್ಕೊಳ್ಳಾಕ ಬರತೈತೇನು ಅಂದಾಂವ ಹೋಗೇ ಬಿಟ್ಟ.”

“ಅವ್ವಾ, ಅದರಾಗ ಯಾರೂ ಇರಲಿಲ್ಲ.”

“ಕಲ್ಮೇಶ ಹೇಳ್ಯಾನ್ರಿ. ಆದರ ಅಡವ್ಯಾಗ ಇದ್ದವರಿಗೆ ಹೆಂಗ ಗೊತ್ತಾಗಬೇಕು?” ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒಂದು ಬೈಗುಳ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ಮಜ್ಜಿಗೆ ತಂದಳು. “ಮುಂಜಾನಿಂದ ಏನೂ ತಗೊಂಡಿಲ್ಲ ನೀವು. ಕುಡೀರಿ.”

ಕತ್ತಲಾಗಿತ್ತು. ಕುಡಿದೆ. ಕಾಂತಾಗೆ ಹೇಳಬಾರದು.

18 ನವೆಂಬರ್

ಸಿಕ್ಕರು. ಜೀವ ಇದೆ.

ಹಳ್ಳದ ಕೊರಕಲಿನಲ್ಲಿ ಜಾರಿ ಬಿದ್ದಿದ್ದರು. ತೊಡೆ ಮುರಿದಿದೆ. ಎರಡು ರಾತ್ರಿ, ಆ ಥಂಡಿಯಲ್ಲಿ. ದನ ಕರೆಯುವ ಹಾಗೆ ಹೋ ಹೋ ಎಂದು ಕ್ಷೀಣವಾಗಿ ಕೂಗುತ್ತಿದ್ದರಂತೆ, ಮೊದಲು ಕೇಳಿದ್ದು ಸುಯೋಗನಿಗೆ. ಮೇಲೆ ತರುವ ತನಕ ಅವನು ಕೈ ಬಿಡಲಿಲ್ಲವಂತೆ. ಬೆಳಗಾವಿಗೆ ತಂದು ಆಸ್ಪತ್ರೆಗೆ ಹಾಕಿದ್ದೇವೆ. ಪ್ರಜ್ಞೆ ಇಲ್ಲ.

ಬಾಟಲಿ ಪಕ್ಕದಲ್ಲೇ ಇತ್ತು. ಅರ್ಧ ನೀರು ಹಾಗೇ ಇತ್ತು. “ಅವನಿಗಂತ ಉಳಿಸ್ಯಾರ್ರಿ ಕಾಕಾ,” ಎಂದು ಸುಯೋಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಚಿಕ್ಕ ಹುಡುಗನಂತೆ ಅತ್ತ.

21 ನವೆಂಬರ್

ನ್ಯುಮೋನಿಯಾ. ಐಸಿಯು. ಡಾಕ್ಟರು ಏನೂ ಗಟ್ಟಿಯಾಗಿ ಹೇಳುತ್ತಿಲ್ಲ. ಇಷ್ಟು ವರ್ಷ ನನ್ನ ಛತ್ರಿಯಿಂದ ಒಬ್ಬರೂ ಸತ್ತಿಲ್ಲ ಎಂದು ಎದೆ ತಟ್ಟಿಕೊಂಡಿದ್ದೆ. ಯಾರೂ ಇಲ್ಲದ ವಿಮಾನಕ್ಕೆ ಕಟ್ಟಿದ ಛತ್ರಿ ಒಬ್ಬನನ್ನು ತಿನ್ನುತ್ತದೆಯೇ? ಸರಿಯಾಗಿ ತೆರೆದು… ದೇವರೇ, ಆ ಜೀವ ಉಳಿಸು. ಬೇರೆ ಏನೂ ಕೇಳುವುದಿಲ್ಲ.

ಮಜ್ಜಿಗೆಯ ವಿಷಯ ಕಾಂತಾಗೆ ಹೇಳಿಬಿಟ್ಟೆ. “ಆಕಿ ಕೊಟ್ಟದ್ದು ಬ್ಯಾಡ ಅಂದಿದ್ದರ ನಾನ ನಿಮಗ ಬೈತಿದ್ದೆ,” ಅಂದಳು.

26 ನವೆಂಬರ್, ಬುಧವಾರ

ಜ್ವರ ಇಳಿದಿದೆ. ವಾರ್ಡಿಗೆ ತಂದಿದ್ದಾರೆ. ಉಳಿದರು!

ಕುಂದಾ ತೆಗೆದುಕೊಂಡು ಹೋದೆ. ಪಂಜಾಬಿ ನನಗೆ ಪೇಢೆ ತಂದಿದ್ದ, ನಾನು ಇವರಿಗೆ ಕುಂದಾ. ಬಡಕಲು ದೇಹ, ಬಿಳೀ ಮೀಸೆ, ಕಾಲಿಗೆ ತೂಕ ಕಟ್ಟಿದ್ದಾರೆ. ಕಾಡವ್ವ ಕಿವಿಯಲ್ಲಿ ಹೇಳಿದಳು, “ಛತ್ರಿ ಕಟ್ಟಿದ ಸಾಹೇಬರು ಬಂದಾರ.” ಕಣ್ಣು ಬಿಟ್ಟರು.

“ಆ ಹುಡುಗ ಸಿಕ್ಕನ್ರಿ?”

ಕಲ್ಮೇಶ ಹಣೆ ಹಣೆ ಬಡಿದುಕೊಂಡ. “ಎಷ್ಟ್ ಸಲ ಹೇಳೇನಿ ಅಪ್ಪಾ, ಯಾರೂ ಇರಲಿಲ್ಲ ಅಂತ.” ರಾಯಪ್ಪಾರು ನಂಬಿರಲಿಲ್ಲ. ತನಗೆ ನೋವಾದೀತೆಂದು ಮುಚ್ಚಿಡುತ್ತಿದ್ದಾರೆ, ಹುಡುಗ ಸತ್ತಿದ್ದಾನೆ ಎಂದೇ ತಿಳಿದಿದ್ದರು.

ಹಾಸಿಗೆಯ ಪಕ್ಕ ಕೂತೆ. “ರಾಯಪ್ಪಾರ, ನಿಮ್ಮಾಣಿ. ಒಳಗ ಯಾರೂ ಇರಲಿಲ್ಲ. ಕೆಳಗ ಕುರ್ಚಿ ಮ್ಯಾಲ ಕುಂತು ಹಾರಸ್ತಾರ. ನಾನ ಕಟ್ಟೇನಿ, ನಾನ ನೋಡೇನಿ.”

ಬಹಳ ಹೊತ್ತು ನನ್ನ ಮುಖ ನೋಡಿದರು. ಮುಖ ಹಗುರವಾಯಿತು. “ಹಂಗಾರ ಯಾರೂ ಸತ್ತಿಲ್ಲ. ಚಲೋ ಆತು ಬಿಡ್ರಿ.” ಆಮೇಲೆ, “ಮತ್ತ ಛತ್ರಿ ಯಾಕ ಕಟ್ಟಿದ್ರಿ?”

“ಮಷೀನ್ ಒಡೀಬಾರದು ಅಂತ.”

“ಮಷೀನಿಗೆ?” ನಗು ಬಂತು ಅವರಿಗೆ, ಕೆಮ್ಮೂ ಬಂತು. “ಮನಶ್ಯಾ ಇಲ್ಲಂದ್ರ ಛತ್ರಿ ಮ್ಯಾಲ ಬರದರ ಹಾಕ್ರಿ ಸಾಹೇಬ್ರ. ನನ್ನಂಥಾ ದಡ್ಡರು ಭಾಳ ಅದಾರ.”

ನಾನೂ ನಕ್ಕೆ. ಆಟೋದಲ್ಲಿ ಬರುವಾಗ ಅತ್ತೆ. ಈ ಸಲ ಧೂಳಿನ ನೆಪ ಹೇಳಲಿಲ್ಲ.

7 ಡಿಸೆಂಬರ್, ಭಾನುವಾರ

ಸುಯೋಗ ಬಂದಿದ್ದ. ದಿನಾ ಆಸ್ಪತ್ರೆಗೆ ಹೋಗಿ ಬರುತ್ತಾನೆ. ರಾಯಪ್ಪಾರು ಅವನನ್ನು ‘ಕುರ್ಚಿ ಪೈಲಟ್’ ಅನ್ನುತ್ತಾರಂತೆ. ಅದನ್ನು ಹೇಳಿ ನಗಿಸಿದ. ಆಮೇಲೆ, “ಕಾಕಾ, ಮಿಲಿಟರಿ ಆರ್ಡರ್ ಬಂತ್ರಿ.”

ಇಂಥ ಸುದ್ದಿಯನ್ನು ಯಾರೂ ನೆಲ ನೋಡುತ್ತ ಹೇಳುವುದಿಲ್ಲ.

“ನೋಡೂದಲ್ರಿ ಈ ಸಲ. ಮೂತ್ಯಾಗ ಸ್ಫೋಟಕ ಇರತೈತಿ. ಹೋಗಿ ಬಡೀತೈತಿ. ಅಷ್ಟ.”

“ಛತ್ರಿ?”

“ಬ್ಯಾಡಂತರಿ. ವಾಪಸ್ ಬರೂದ ಇಲ್ಲಲ್ಲ. ತೂಕಾನೂ ಉಳೀತೈತಿ.” ನನ್ನ ಕೈ ಹಿಡಿದ. “ನಿಮಗೂ ತ್ರಾಸ ತಪ್ಪಿತು ಕಾಕಾ. ಕೈ ನಡಗೂದು ನಂಗ ಮೊದಲ ದಿನಾನ ಗೊತ್ತಿತ್ತು.”

ಒಳ್ಳೆಯ ಹುಡುಗ. ಆಚೆಯವರೂ ಮಾಡುತ್ತಿದ್ದಾರೆ, ನಾವು ಬಿಟ್ಟರೆ ಬೇರೆಯವರು ಮಾಡುತ್ತಾರೆ ಅಂದ. ಸುಳ್ಳಲ್ಲ. ಮೇ ತಿಂಗಳಲ್ಲಿ ಗಡಿಯಾಚೆಯಿಂದ ಡ್ರೋನ್ ಬಂದದ್ದನ್ನು ನಾನೂ ಟಿವಿಯಲ್ಲಿ ನೋಡಿದ್ದೇನೆ. ನಾಳೆ ಶೆಡ್ಡಿನಲ್ಲಿ ಪೂಜೆ. ಮೊದಲ ಸ್ಕ್ರೂ ನನ್ನ ಕೈಯಿಂದ ಹಾಕಿಸಬೇಕಂತೆ. ನಾನು ಚಹಾದ ಕಪ್ಪು ಎತ್ತಿ ಒಳಗಿಟ್ಟು ಬಂದೆ. ಹೂಂ ಅಂದೆ ಎಂದುಕೊಂಡು ಹೋದ.

8 ಡಿಸೆಂಬರ್, ಸೋಮವಾರ. ಬೆಳಿಗ್ಗೆ

ಕಾಂತಾ ಬಿಳೀ ಶರ್ಟು ಇಸ್ತ್ರಿ ಮಾಡಿಟ್ಟಿದ್ದಾಳೆ. “ಹೋಗ್ತೀರೋ, ಇಲ್ಲೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನಾನೇನು ದೊಡ್ಡ ಸಂತನಲ್ಲ. ನನ್ನ ಛತ್ರಿ ಕಟ್ಟಿಕೊಂಡು ಹೋದ ಹುಡುಗರೂ ಹೂ ಹಾಕಿ ಬರಲು ಹೋದವರಲ್ಲ. ಅವ್ವನಿಗೆ ಕೊಟ್ಟ ಮಾತು ಅಷ್ಟೇನೂ ಸ್ವಚ್ಛ ಉಳಿದಿರಲಿಲ್ಲ ಎಂದು ನನಗೂ ಗೊತ್ತು. ದೇಶ ಬೇಡ, ಸೈನ್ಯ ಬೇಡ ಅನ್ನುವವನೂ ಅಲ್ಲ. ಆದರೆ ಕೊನೆಯ ಗಂಟು ಹಾಕುವಾಗ ಒಂದು ಮುಖ ಇರುತ್ತಿತ್ತು. ಈ ಸ್ಕ್ರೂ ತಿರುಗಿಸುವಾಗ ಯಾರನ್ನು ನೆನೆಯಲಿ?

ಹಾರ್ನ್ ಕೇಳಿತು. ಸುಯೋಗನ ಗಾಡಿ. ಗೇಟಿನ ಹತ್ತಿರ ನಿಂತು ಕಾಕಾ ಅನ್ನುತ್ತಿದ್ದಾನೆ. ಹೋಗುತ್ತೇನೆ. ಸ್ಕ್ರೂ ಮುಟ್ಟುವ ಮುಂಚೆ ಅವನಿಗೆ ಒಂದೇ ಮಾತು ಕೇಳುತ್ತೇನೆ. ಇದು ಎಲ್ಲಿ ಬೀಳುತ್ತದೋ, ಆ ಊರ ಹಿಂದೆಯೂ ಗುಡ್ಡ ಇರುತ್ತದೆ, ದನ ಕಾಯುವವರು ಇರುತ್ತಾರೆ. ಬಿದ್ದ ಕೂಡಲೇ ಸಿಡಿಯದೆ ಅದು ಸುಮ್ಮನೆ ಬಿದ್ದುಕೊಂಡಿತು ಅನ್ನು ಮಗಾ. ಆಗ ಯಾರ ಮಗನೋ ಏನೋ ಎಂದು ಅಲ್ಲಿಯ ರಾಯಪ್ಪ ಒಬ್ಬ ಕಂಬಳಿ, ನೀರು ಹಿಡಿದು ಓಡಿ ಬಂದರೆ, ಮುಟ್ಟಬೇಡ ಎಂದು ಅವನಿಗೆ ಯಾರು ಹೇಳುತ್ತಾರೆ?