ನನಗೆ ಹಿಡಿಸಿದ ಮೂರು ಭಾಷಣಗಳು

ಭಾನುವಾರ, ಹದಿನೆಂಟನೇ ತಾರೀಖು

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಅಪ್ಪನ ಕಣ್ಣಿನ ಕಟ್ಟು ಬಿಚ್ಚಿ ಎರಡು ವಾರವಾಯಿತು, ಈಗ ಗೋಡೆಯ ಬಿರುಕುಗಳನ್ನೆಲ್ಲ ಎಣಿಸಿ ನನಗೆ ಲೆಕ್ಕ ಒಪ್ಪಿಸುತ್ತಾರೆ. ನಿನ್ನ ಕಾಗದ ಬಂದು ಐದು ವಾರವಾದರೂ ಉತ್ತರ ಬರೆಯದ್ದಕ್ಕೆ ಕ್ಷಮಿಸು. ಕೆಲಸದ ಒತ್ತಡ ಎಂದು ನೆಪ ಹೇಳಬಹುದಿತ್ತು. ಆದರೆ ನೀನೂ ನನ್ನ ಹಾಗೆ ವೆಬ್‌ಸೈಟ್ ಮಾಡುವವಳು, ಈ ತಿಂಗಳು ನಮಗೆಷ್ಟು ಬಿಡುವಿತ್ತು ಎಂದು ನಿನಗೇ ಗೊತ್ತು. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ.

“ಸಮ್ಮೇಳನದಲ್ಲಿ ನಿಂಗೆ ಯಾವ ಭಾಷಣ ಹಿಡಿಸ್ತು? ಎಲ್ಲರೂ ಹೇಳಿದ್ರು, ನೀನೊಬ್ಬಳೇ ಬಾಯಿ ಬಿಟ್ಟಿಲ್ಲ” ಎಂದು ಕೇಳಿದ್ದೀಯ. ನಿನ್ನದು ಹೇಗಿತ್ತು ಎಂಬುದನ್ನೇ ಸುತ್ತಿ ಬಳಸಿ ಕೇಳುತ್ತಿದ್ದೀಯ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ತಾಳು, ಅಲ್ಲಿಗೇ ಬರುತ್ತೇನೆ.

ಮೊದಲನೆಯದು ಆ ಗಡ್ಡದವರ ಭಾಷಣ. ವೇದಿಕೆಯ ಮೇಲೆ ಹಳೇ ಫೋನೊಂದನ್ನು ಹಿಡಿದು ಸುದ್ದಿಯ ಪುಟ ತೆರೆದು, “ಪುಟ ಬರೋ ತನಕ ಎಲ್ಲರೂ ಸುಮ್ನೆ ಕಾಯೋಣ” ಎಂದರಲ್ಲ! ಮುನ್ನೂರು ಜನ ನಲವತ್ತು ಸೆಕೆಂಡು ಉಸಿರು ಬಿಗಿಹಿಡಿದು ಕೂತೆವು. ನನ್ನ ಹಿಂದಿನವರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ್ದು ಇಡೀ ಸಭೆಗೆ ಕೇಳಿಸಿತು. ಕೊನೆಗೂ ಪುಟ ಬಂದಾಗ ಮೊದಲು ಕಂಡದ್ದು ಜಾಹೀರಾತು. ಪುಟ ಹಗುರವಾಗಿರಬೇಕು ಎಂಬ ಪಾಠವನ್ನು ಅವರು ಬಾಯಿಬಿಡದೆಯೇ ಮಾಡಿ ಮುಗಿಸಿದರು.

ಎರಡನೆಯದು ಬಟನ್‌ಗಳ ಬಗ್ಗೆ ಮಾತಾಡಿದ ಹೆಂಗಸಿನದು. “ಎಲ್ಲಾ ಬಟನ್ ಮೇಲೂ ‘ಸರಿ’ ಅಂತ ಬರೀತೀರಲ್ಲ, ಯಾವುದಕ್ಕೆ ಸರಿ? ಮದುವೆಗೋ, ಮಸಣಕ್ಕೋ?” ಎಂದರು. ಈಗ ನಮ್ಮ ಆಫೀಸಿನಲ್ಲಿ ಯಾರು ‘ಸರಿ’ ಅಂದರೂ ಪಕ್ಕದ ಮೇಜಿನಿಂದ ಈ ಪ್ರಶ್ನೆ ಬರುತ್ತದೆ.

ಮೂರನೆಯದು ನಿನ್ನದು. ಚೆನ್ನಾಗಿತ್ತು. ಈ ಒಂದು ಪದ ಬರೆಯಲು ಐದು ವಾರ ಹಿಡಿಯಿತು. ನನಗೆ ಹೊಟ್ಟೆಕಿಚ್ಚಾಯಿತು, ಪುಟ್ಟಿ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟ ಮಾಡಿಸಿದವಳು ನಾನು. ಅದೇ ಸಮ್ಮೇಳನದಲ್ಲಿ ಮಾತಾಡಲು ನಾನು ಐದು ವರ್ಷ ಅರ್ಜಿ ಹಾಕಿದೆ, ಐದು ಸಲವೂ ‘ಮುಂದಿನ ವರ್ಷ ಪ್ರಯತ್ನಿಸಿ’ ಎಂದರು. ನಿನ್ನನ್ನು ಮೊದಲ ಸಲಕ್ಕೇ ಕರೆದರು. ಊಟದ ಸಾಲಿನಲ್ಲಿ ಒಬ್ಬಳು, “ನೀವು ಅವ್ರ ಅಕ್ಕ ಅಂತೆ? ನೀವೂ ಇದೇ ಕೆಲಸಾನಾ?” ಎಂದಳು. ಹನ್ನೊಂದು ವರ್ಷ ಆಯ್ತು ತಾಯಿ ಎನ್ನುವುದು ಬಾಯಿಗೆ ಬಂದಿತ್ತು, ತಟ್ಟೆ ಹಿಡಿದು ಮುಂದಕ್ಕೆ ಹೋದೆ.

ಅದನ್ನಾದರೂ ನುಂಗಿಕೊಂಡೇನು. ನೀನು ಹೇಳಿದ ಕಥೆಯಿದೆಯಲ್ಲ, ಅದು ಗಂಟಲಲ್ಲೇ ಸಿಕ್ಕಿಕೊಂಡಿದೆ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಿ, ತಿರುವುಮುರುವಾದ ಅಕ್ಷರವನ್ನೂ ಸಲೀಸಾಗಿ ಓದುತ್ತಿದ್ದ ಅಪ್ಪ ಕಣ್ಣಾಸ್ಪತ್ರೆಯ ವೆಬ್‌ಸೈಟಿನ ಫಾರಂ ಮುಂದೆ ಸೋತು ಕೂತರು ಎಂದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರಗಳು. “ಇಲ್ಲೇನಾದ್ರೂ ಬರ್ದಿದ್ಯೇನಮ್ಮ?” ಎಂದು ನಿನ್ನನ್ನು ಕೇಳಿದರಂತೆ. “ಈ ಆಸ್ಪತ್ರೆಗೆ ಹೋಗ್ಬೇಕಂದ್ರೆ ಮೊದಲು ಬೇರೆ ಕಡೆ ಕಣ್ಣು ಸರಿಮಾಡಿಸ್ಕೊಂಡು ಬರ್ಬೇಕು” ಎಂದು ನೀನು ಹೇಳಿದಾಗ ಸಭೆಯೆಲ್ಲ ನಕ್ಕಿತು. “ಇದನ್ನ ಮಾಡಿದ ಪುಣ್ಯಾತ್ಮರು ಮನೇಲಿ ವಯಸ್ಸಾದವರನ್ನ ಕಂಡೇ ಇಲ್ಲ” ಎಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನಿರುವುದು ಅಪ್ಪನ ಮನೆಯಿಂದ ಎರಡು ಬೀದಿ ಆಚೆ. ನೀನಿರುವುದು ಬಸ್ಸಿನಲ್ಲಿ ನಾಲ್ಕು ಗಂಟೆ ದೂರ. ಆದರೂ ಆ ಫಾರಂ ತುಂಬಲು ಅಪ್ಪ ಕರೆಸಿಕೊಂಡದ್ದು ನಿನ್ನನ್ನು! ಅದು ನನಗೆ ಗೊತ್ತಾದದ್ದು ಮುನ್ನೂರು ಜನರ ನಡುವೆ ಕೂತಾಗ. ಮರುದಿನವೇ ಹೋಗಿ, “ನಾನೇನು ಸತ್ತೋಗಿದ್ನಾ?” ಎಂದು ಜಗಳ ತೆಗೆದೆ. “ನಿಂಗ್ಯಾಕೆ ತೊಂದ್ರೆ ಅಂತ... ಬಿಡಮ್ಮ ಅದನ್ನ” ಎಂದವರೇ ಬಾಲ್ಕನಿಗೆ ಹೋಗಿ, ಆಗಲೇ ನೀರು ಹಾಕಿದ್ದ ಗಿಡಗಳಿಗೆ ಮತ್ತೆ ನೀರು ಹಾಕತೊಡಗಿದರು. ಚಿಕ್ಕವಳ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ ಎಂದು ಕಾಗದದಲ್ಲಿ ಬರೆಯುವ ವಯಸ್ಸಲ್ಲ ನನ್ನದು. ಆದರೂ ಬರೆದೆ, ಓದಿಕೋ.

ಇನ್ನೂ ದೊಡ್ಡ ದೊಡ್ಡ ವೇದಿಕೆ ನಿನಗೆ ಸಿಗಲಿ. ಯಾರ ಕಣ್ಣೂ ತಾಗದಿರಲಿ, ನನ್ನದೂ ಸೇರಿ. ಮಾತಿನ ಭರದಲ್ಲಿ ಊಟ ಬಿಡಬೇಡ, ಅವತ್ತು ಬಹಳ ಸೊರಗಿದಂತೆ ಕಂಡೆ.

ಇಂತು ನಿನ್ನನ್ನು ಹರಸುವ,
ಅಕ್ಕ

ತಾ. ಕ.: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಲ್ಲರೂ ಎದ್ದು ಚಪ್ಪಾಳೆ ತಟ್ಟುವಾಗ ನಾನೊಬ್ಬಳೇ ಕೂತಿದ್ದೆ. ಆ ಫಾರಂ ಮಾಡಿದವಳು ನಾನು, ಪುಟ್ಟಿ. ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ನನ್ನನ್ನು ಕರೆಯಲಿಲ್ಲ, ನಿನಗೂ ಹೇಳಲಿಲ್ಲ. ಮೊನ್ನೆ ಸೋಮವಾರ ಅಕ್ಷರಗಳನ್ನೆಲ್ಲ ಕಪ್ಪು ಮಾಡಿದೆ, ಐದು ನಿಮಿಷದ ಕೆಲಸ. ಹೋದ ವರ್ಷ ಅದು ಸಿದ್ಧವಾದ ದಿನ ಎಲ್ಲರಿಗಿಂತ ಮೊದಲು ತೋರಿಸಿದ್ದು ಅಪ್ಪನಿಗೇ. ಬಹಳ ಹೊತ್ತು ನೋಡಿ, “ಬಿಳಿ ಜಾಗ ಎಷ್ಟು ಚೆನ್ನಾಗಿ ಬಿಟ್ಟಿದ್ದೀಯಮ್ಮ” ಎಂದರು. ಮೊಳೆ ಜೋಡಿಸಿದವರ ಬಾಯಿಂದ ಬಂದ ಮಾತು ಎಂದು ಆಫೀಸಿಗೆಲ್ಲ ಹೇಳಿಕೊಂಡು ಬೀಗಿದ್ದೆ. ಅವರಿಗೆ ಅಲ್ಲಿ ಕಂಡದ್ದೇ ಅಷ್ಟು.