ಲೆಟ್ಟಿಯ ಕಿಟಕಿಯ ಮುಂದಿನ ಗೋಡೆ

ಆಲ್ಡರ್‌ಕೂಂಬ್, ಗ್ಲಾಸ್ಟರ್‌ಶೈರ್
ಮಾರ್ಚ್ 9, 1887

ಪ್ರೀತಿಯ ತಮ್ಮಾ ಜೇಬೆಜ್,

ನಿನ್ನ ಮಂಡಿನೋವು ಈಗ ಹೇಗಿದೆ? ಬ್ರಿಸ್ಟಲ್ಲಿನ ಚರ್ಚಿನ ಕಲ್ಲುಕೆಲಸದಲ್ಲಿ ತೇವದ ಕಲ್ಲಿನ ಮೇಲೆ ಮಂಡಿಯೂರಬೇಡ, ಕೆಳಗೆ ಗೋಣಿ ಹಾಕಿಕೋ. ನಾನು ಗಟ್ಟಿಯಾಗಿದ್ದೇನೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು, ಇನ್ನು ಬರುವುದೆಲ್ಲ ಬೈಗುಳ. ನಿಂತು ಓದುತ್ತಿದ್ದರೆ ಕೂತುಕೋ.

ದೊಡ್ಡಮನೆಯ ಮುಂಭಾಗದ ಕೆಲಸ ಮುಗಿದ ದಿನ ನೆನಪಿದೆಯೇ? ನೀನು ನನಗೂ ನಿನ್ನ ಮಗಳು ಲೆಟ್ಟಿಗೂ ಭಾನುವಾರದ ಬಟ್ಟೆ ಹಾಕಿಸಿ ಹುಲ್ಲುಹಾಸಿನ ತುದಿಗೆ ಕರೆದುಕೊಂಡು ಹೋದೆ. ಜೇನುಬಣ್ಣದ ಕಲ್ಲು, ಅಳತೆ ತಪ್ಪದ ಹನ್ನೆರಡು ಕಿಟಕಿ, ಮೇಲೆ ಉದ್ದಕ್ಕೂ ಮಾಡಿನಂಚನ್ನು ಮರೆಮಾಡುವಂತೆ ನೀನು ಕಟ್ಟಿದ ಪ್ಯಾರಪೆಟ್ ಗೋಡೆ. "ನೋಡಕ್ಕಾ, ಇಲ್ಲಿಂದ ಅಟ್ಟದ ಕಿಟಕಿ ಒಂದಾದ್ರೂ ಕಾಣ್ತದಾ? ಇನ್ನೆರಡು ಸಾಲು ಏರ್ಸು ಅಂದ್ರು ಯಜಮಾನ್ರು, ಏರಿಸ್ದೆ" ಎಂದು ಎದೆಯುಬ್ಬಿಸಿದೆ. ನಾನೂ ಹಲ್ಲು ಕಿರಿದೆ. ಆ ಅಟ್ಟದ ಕಿಟಕಿಗಳ ಹಿಂದೆ ಮನುಷ್ಯರು ಮಲಗುತ್ತಾರೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈಗ ಅಲ್ಲಿ ಮಲಗುವವಳು ನಿನ್ನ ಮಗಳು. ತಾಯಿಯಿಲ್ಲದ ಕೂಸನ್ನು ಸಾಕಿದವಳು ನಾನು, ಹಾಗಾಗಿ ಬೈಯುವ ಹಕ್ಕೂ ನನ್ನದೇ. ಅವಳು ಆ ಮನೆಯ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು, ಚಳಿಗಾಲವಿಡೀ ಕೆಮ್ಮು. ಕಳೆದ ವಾರ ನಾನು ಯಾರನ್ನೂ ಕೇಳದೆ ಹಿಂಬಾಗಿಲಿನಿಂದ ನುಗ್ಗಿ ಆಳುಗಳ ಮೆಟ್ಟಿಲು ಹತ್ತಿದೆ. ಕಿಟಕಿ ತೆರೆದರೆ ಎರಡು ಮೊಳದಾಚೆ ನಿನ್ನ ಗೋಡೆ. ನಡುವೆ ಮಾಡಿನ ನೀರು ಹರಿಯುವ ಸೀಸದ ಮೋರಿ, ಅದರಲ್ಲಿ ಕೊಳೆತ ಎಲೆ, ನಿಂತ ನೀರು. ಮಟಮಟ ಮಧ್ಯಾಹ್ನ ಮೇಣದಬತ್ತಿ! ಹಾಸಿಗೆ ಹಿಂಡಿದರೆ ನೀರು ಬರಬೇಕು, ಹಾಗಿದೆ. ಗೋಡೆಯ ಹೊರಮುಖವನ್ನು ಕನ್ನಡಿಯಂತೆ ಉಜ್ಜಿದವನು ಒಳಮುಖವನ್ನು ಉಳಿಯ ಏಟಿನಲ್ಲೇ ಬಿಟ್ಟಿದ್ದೀಯ. ಅದನ್ನು ನೋಡುವವರು ಯಾರು, ಅಲ್ಲವೇ?

ಇಷ್ಟೆತ್ತರದ ಗೋಡೆ ಯಾಕೆಂದು ಕೇಳಿದ್ದಕ್ಕೆ ಆಳುಗಳ ಮೇಲ್ವಿಚಾರಕಿ ಶ್ರೀಮತಿ ಪ್ರಾಸರ್, "ಹುಡುಗೀರು ಒಣಗಿಹಾಕೋ ಲಂಗ ಅತಿಥಿಗಳ ಕಣ್ಣಿಗೆ ಬೀಳ್ಬಾರ್ದಲ್ಲಮ್ಮಾ" ಎಂದಳು. "ಕೆಮ್ಮು ಕಿವಿಗೆ ಬೀಳ್ಬಹುದೋ?" ಎಂದೆ. ಅಲ್ಲಿಗೇ ಬಿಡಲಿಲ್ಲ. ಚಹಾ ಕುಡಿಯುತ್ತಿದ್ದ ಯಜಮಾನಿಯನ್ನೇ ಎಬ್ಬಿಸಿಕೊಂಡು ಬಂದು ತೊಂಬತ್ತೊಂದು ಮೆಟ್ಟಿಲು ಹತ್ತಿಸಿದೆ. ತನ್ನ ಮನೆಯ ಅಟ್ಟವನ್ನು ಆಕೆ ಕಂಡದ್ದು ಅದೇ ಮೊದಲು. ಲೆಟ್ಟಿಯ ಕಿಟಕಿಯ ಮುಂದಿನಷ್ಟು ಗೋಡೆಯನ್ನು ಇಳಿಸಲು ಅಲ್ಲೇ ಅಪ್ಪಣೆ ಕೊಟ್ಟಳು. ಆಕೆಗೆ ಐದು ನಿಮಿಷದಲ್ಲಿ ಕಂಡದ್ದು ಎರಡು ವರ್ಷ ಕೂತು ಕಟ್ಟಿದ ನಿನಗೆ ಕಾಣಲಿಲ್ಲವಲ್ಲ! ಕಣ್ಣಿಗೆ ಸುಣ್ಣ ಬಿದ್ದಿತ್ತೇನೋ?

ಬರೆದರೂ ಸಿಟ್ಟು ಇಳಿದಿಲ್ಲ. ಆದರೂ ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನಕ್ಕ,
ಹೆಸ್ಟರ್

ತಾ.ಕ.: ಅಂಚೆಗಾಡಿ ನಿಂತಿದೆ, ಬೇಗ ಬರೆಯುತ್ತೇನೆ. ಇಂದು ಬೆಳಿಗ್ಗೆ ಗೋಡೆ ಇಳಿಸಲು ಊರಿನ ಕಲ್ಲುಕೆಲಸದವರು ಹತ್ತಿದರೆ, ಲೆಟ್ಟಿ ಕಿಟಕಿಯಿಂದ ಮೋರಿಗಿಳಿದು ಗೋಡೆಗೆ ಬೆನ್ನು ಕೊಟ್ಟು ನಿಂತಳಂತೆ. "ನಮ್ಮಪ್ಪ ಕಟ್ಟಿದ್ದು ಇದು. ಒಂದು ಕಲ್ಲು ಮುಟ್ಟಿದ್ರೂ ನಾನು ಸುಮ್ನಿರಲ್ಲ" ಅಂದಳಂತೆ, ಕೆಮ್ಮುತ್ತಲೇ. ಅವರು ಸುತ್ತಿಗೆ ಎತ್ತಿಕೊಂಡು ಇಳಿದುಬಂದರು. ಅವಳು ನನ್ನ ಮಾತಿಗೂ ಬಗ್ಗುತ್ತಿಲ್ಲ. ಆ ಗೋಡೆ ಒಡೆಯಲು ನೀನೇ ಬರಬೇಕು.