ಪೆಟ್ಟಿಗೆ ಬಿಚ್ಚಿದ ವಿಡಿಯೊ

ಮನೆಯಿಂದ,
ಭಾನುವಾರ, ಕಾಫಿ ಆದ ಮೇಲೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರಬೇಡ. ಹುಡುಗರು ಕೂತಿರುವಾಗ ಮೇಡಂ ನಿಂತಿರಬೇಕೆಂಬ ಕಾನೂನು ಎಲ್ಲೂ ಇಲ್ಲ. ಕಾನೂನು ಎಂದೊಡನೆ ನೆನಪಾಯಿತು: ಈ ಪತ್ರದ ಮೂಲಕ, ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ನಾನೊಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕಳೆದ ವಾರ ನಾನು ಖೋಟಾ ರುಜು ಹಾಕಿದೆ. ನನ್ನ ಹೆಂಡತಿಯದು.

ಆ ದಿನ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಕೇಳು. ನೀನೂ ಅವಳೂ ಗಂಟೆಗಟ್ಟಲೆ ಹರಟಿ ಆರಿಸಿದ ಕಂಪ್ಯೂಟರ್ ಬಂತು. ತಾನು ಹೊಲಿಯುವ ಶಾಲೆಯ ಸಮವಸ್ತ್ರಗಳ ನಕ್ಷೆ ಬಿಡಿಸಲು ದೊಡ್ಡ ಪರದೆ ಬೇಕೆಂದು ಅವಳು ಆನ್‌ಲೈನಿನಲ್ಲಿ ಆರ್ಡರ್ ಮಾಡಿದ್ದು. ಜೋಡಿಸಿ ಕಳಿಸುವ ಅಂಗಡಿಯವರದು ನಿಧಾನ, ಅವಳ ಹೃದಯದ್ದು ಅವಸರ, ಅದು ಮೊದಲೇ ನಿಂತಿತು. ಅವಳು ಹೋಗಿ ತಿಂಗಳಾದ ಮೇಲೆ ಅವಳ ಹೆಸರು ಹೊತ್ತ ಪೆಟ್ಟಿಗೆ ಎರಡನೇ ಮಹಡಿ ಹತ್ತಿ ಬಂತು. ಕೊರಿಯರ್‌ನವನು, “ಮೇಡಂ ಇಲ್ವಾ ಸಾರ್?” ಅಂದ. “ಹೊರಗೆ ಹೋಗಿದಾಳೆ” ಅಂದೆ. “ಯಾವಾಗ ಬರ್ತಾರೆ?” “ಸ್ವಲ್ಪ ತಡ ಆಗುತ್ತೆ.” ಅವನಿಗೆ ಕೋಡ್ ಬೇಕು, ಕೋಡ್ ಬರುವುದು ಅವಳ ಫೋನಿಗೆ. ನನ್ನದರ ಜೊತೆ ಅದನ್ನೂ ದಿನಾ ಚಾರ್ಜಿಗೆ ಹಾಕುತ್ತೇನೆ, ಯಾಕೆ ಎಂದು ಕೇಳಬೇಡ. ಕೋಡ್ ಓದಿ ಹೇಳಿದೆ, ಅವನ ಫೋನಿನ ಮೇಲೆ ಬೆರಳಿನಿಂದ ಅವಳ ರುಜು ಎಳೆದೆ. ಕೊನೆಯಲ್ಲಿ ಬರುವ ಆ ಬಾಲದ ಸಮೇತ. ನನ್ನ ರುಜುವಿಗಿಂತ ಚೆನ್ನಾಗಿ ಬಂತು.

ದೊಡ್ಡ ಸಾಮಾನನ್ನು ಹೀಗೆ ತರಿಸುವುದು ಕ್ಷೇಮವೇ ಎಂದು ನಿನ್ನನ್ನು ಮೊದಲೇ ಕೇಳಿದ್ದೆ. “ಅಂಗಡಿಯವ್ರನ್ನ ನಂಬಬಹುದು ಕಣೋ, ಲಾರಿನ ನಂಬಬಾರದು” ಅಂದಿದ್ದೆ ನೀನು. ದಾರಿಯ ಕುಲುಕಾಟಕ್ಕೆ ಒಳಗಿನ ಭಾರದ ಫ್ಯಾನು ಕಳಚಿ ಬೋರ್ಡಿನ ಮೇಲೆ ಬೀಳುತ್ತದೆ, ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡು, ಆನ್ ಮಾಡುವ ಮೊದಲು ಪಕ್ಕದ ಮುಚ್ಚಳ ತೆಗೆದು ನೋಡು ಅಂತಲೂ ನೀನೇ ಹೇಳಿದ್ದೆ. ನನಗೆ ಗೊತ್ತಿರುವ ಬೋರ್ಡು ಸೀಮೆಸುಣ್ಣದ್ದು. ಅದರ ಮೇಲೆ ಫ್ಯಾನು ಬಿದ್ದರೆ ತರಗತಿಗೆ ರಜೆ, ಅಷ್ಟೆ. ಆದರೂ ನೀನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಸೀಲು ನೋಡಿದೆ, ಆಮೇಲೆ ಕೋಡ್ ಕೊಟ್ಟೆ. ಫೋನನ್ನು ಪುಸ್ತಕಗಳಿಗೆ ಒರಗಿಸಿ ವಿಡಿಯೊ ಹಚ್ಚಿದೆ. ಪೆಟ್ಟಿಗೆಯ ಎಲ್ಲ ಮಗ್ಗುಲೂ ತೋರಿಸಿದೆ, ಅಂಟುಪಟ್ಟಿ ಕತ್ತರಿಸಿದೆ, ಮುಚ್ಚಳ ಬಿಚ್ಚಿದೆ. ಫ್ಯಾನು ಒಂದೇ ಸ್ಕ್ರೂವಿನ ಮೇಲೆ ನೇತಾಡುತ್ತಿತ್ತು. ಬೋರ್ಡಿನ ಒಂದು ಮೂಲೆ ಸೀಳಿತ್ತು. ಆನ್ ಮಾಡಲಿಲ್ಲ. ಹೇಳು, ತರ್ಕಶಾಸ್ತ್ರದ ಮೇಷ್ಟ್ರಿಗೆ ಇಷ್ಟು ಪ್ರಾಯೋಗಿಕ ಜ್ಞಾನ ಯಾವಾಗ ಬಂತು? ಕಣ್ಣೂ ಒದ್ದೆಯಾಗಲಿಲ್ಲ. ಆ ವಿಡಿಯೊವನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಹಾಕಬಹುದು.

ಅಂಗಡಿಯವರು ಸಭ್ಯರು. ಪೆಟ್ಟಿಗೆ ಬಿಚ್ಚಿದ ವಿಡಿಯೊ ಕಳಿಸಿ, ಬೇರೆ ಕಂಪ್ಯೂಟರ್ ಕಳಿಸುತ್ತೇವೆ ಎಂದರು. ವಿಡಿಯೊವನ್ನು ಎಲ್ಲೂ ಕತ್ತರಿಸಿರಬಾರದು, ಧ್ವನಿ ಇರಲೇಬೇಕು, ಮಂಗಳವಾರದೊಳಗೆ ತಲುಪಬೇಕು. ಅವಳು ಅಷ್ಟು ಆಸೆಪಟ್ಟು ಆರಿಸಿದ್ದು ಸರಿಯಾಗಿ ಮೇಜಿನ ಮೇಲೆ ಕೂರಬೇಕು ಅನ್ನುವುದೊಂದೇ ನನಗೂ ಇರುವ ಆಸೆ. ಬೇರೆ ಆಸೆಗಳು ಸದ್ಯಕ್ಕೆ ಸ್ಟಾಕ್ ಇಲ್ಲ.

ನನ್ನ ಚಿಂತೆ ಮಾಡಬೇಡ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗಿದ್ದೇನೆ. ಮುಟ್ಟಿದರೆ ಇದೆ, ಆದರೆ ನನ್ನದಲ್ಲ. ಪಾಠ ಮಾಡುತ್ತೇನೆ, ಹುಡುಗರು ನಗುತ್ತಾರೆ, ಯಾವ ಮಾತಿಗೆ ನಕ್ಕರೆಂದು ಆಮೇಲೆ ಯೋಚಿಸುತ್ತೇನೆ. ಮೊನ್ನೆ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ, ತಿಳಿಯದೆ ಪೂರ್ತಿ ಉಂಡೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮಾವನ ಮುದ್ದು. ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿರು.

ನಿನ್ನ ತಮ್ಮ,
ಮೇಷ್ಟ್ರು

ತಾ.ಕ.: ವಿಡಿಯೊ ಕಳಿಸಿಯಾಯಿತು ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದು ಸುಳ್ಳು. ಕಳಿಸುವ ಮೊದಲು ಹಾಕಿ ನೋಡಿದೆ. ಚಿತ್ರವೆಲ್ಲ ಸರಿಯಾಗಿದೆ. ಆದರೆ ಶುರುವಿನಿಂದ ಕೊನೆಯವರೆಗೆ ನಾನು ಮಾತಾಡುತ್ತಲೇ ಇದ್ದೇನೆ. “ನೋಡೇ, ಸೀಲು ಗಟ್ಟಿಯಾಗಿದೆ ಅಲ್ವಾ? ಕತ್ತರಿ ಎಲ್ಲಿಟ್ಟಿದೀಯ? ಕಿಟಕಿ ಹತ್ರಾನೇ ಇಡೋಣ ಬಿಡು, ನಿಂಗೆ ಬೆಳಕು ಬೇಕಲ್ಲ. ಅಯ್ಯೋ, ಫ್ಯಾನು ಕಿತ್ತೋಗಿದೆ ಕಣೇ, ಬೇಜಾರ್ ಮಾಡ್ಕೋಬೇಡ.” ನಡುನಡುವೆ ಸುಮ್ಮನಾಗುತ್ತೇನೆ, ಉತ್ತರಕ್ಕೆ ಕಾಯುವವನ ಹಾಗೆ. ಒಂದು ಸಲ ನಕ್ಕಿದ್ದೇನೆ ಕೂಡ. ಇದ್ಯಾವುದೂ ನನಗೆ ನೆನಪಿಲ್ಲ ಅಕ್ಕಾ. ಯಾರೋ ಅಪರಿಚಿತರು ಆಫೀಸಿನಲ್ಲಿ ಕೂತು ಇದನ್ನು ಕೇಳುವುದು ನನ್ನಿಂದ ಆಗದು. ಫೋನಿನಲ್ಲಿ ಹೇಳಿದರೆ ನೀನು ಹೇಗಾದರೂ ನನ್ನನ್ನು ಒಪ್ಪಿಸಿ ಕಳಿಸುವ ಹಾಗೆ ಮಾಡುತ್ತೀ ಎಂದು ಗೊತ್ತು. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಮಂಗಳವಾರ ಕಳೆದಿರುತ್ತದೆ. ಅದಕ್ಕೇ ಫೋನ್ ಮಾಡದೆ ಅಂಚೆಗೆ ಹಾಕುತ್ತಿದ್ದೇನೆ.